ಕಡಲ ನೀರಿನಲ್ಲಿ ದುಡಿಯುವ ವೈರ್ ರೋಪ್: ಒಳಗಿನ ತುಕ್ಕನ್ನು ಪತ್ತೆ ಹಚ್ಚುವುದು ಹೇಗೆ

ಮೇಲೆ ಗ್ರೀಸ್ ಹೊಳೆಯುತ್ತಿದೆ. ತುಂಡಾದ ತಂತಿ ಒಂದೂ ಕಾಣುತ್ತಿಲ್ಲ. ಕ್ಯಾಲಿಪರ್ ಹಿಡಿದರೆ ವ್ಯಾಸವೂ ಸರಿಯಾಗಿದೆ. ಇಷ್ಟೆಲ್ಲ ಸರಿ ಇದ್ದ ವೈರ್ ರೋಪ್ ಕೂಡ ದಿನವೂ ಎತ್ತುವ ಹೊರೆಗೇ ಕಡಿದುಹೋಗಬಹುದು. ಸಮುದ್ರದ ನೀರಿನಲ್ಲೋ ಅದರ ತುಂತುರಿನಲ್ಲೋ ಇರುವ ರೋಪ್‌ನಲ್ಲಿ ಅಪಾಯಕಾರಿ ತುಕ್ಕು ಹೊರಗೆ ಕಾಣುವಂಥದ್ದಲ್ಲ, ತಂತಿಗಳನ್ನು ಹೊಸೆದು ಮಾಡಿದ ಎಳೆಗಳ, ಅಂದರೆ ಸ್ಟ್ರ್ಯಾಂಡ್‌ಗಳ ಸಂದಿನಲ್ಲಿ ಮತ್ತು ಅವು ಸುತ್ತಿಕೊಂಡ ನಡುವಿನ ಕೋರ್‌ನಲ್ಲಿ ಕೂತು ತಿನ್ನುವಂಥದ್ದು. ಡೆಕ್ ಕ್ರೇನ್, ವಿಂಚ್, ಟ್ರಾಲ್ ಬಲೆ, ಹಡಗು ಕಟ್ಟಿ ನಿಲ್ಲಿಸುವ ಮೂರಿಂಗ್, ಲೈಫ್‌ಬೋಟ್ ಇಳಿಸುವ ಡೇವಿಟ್, ಯಾವುದರ ರೋಪ್ ಆದರೂ ತಪಾಸಣೆಯ ಗುರಿ ಒಂದೇ: ಒಳಗೆ ಎಷ್ಟು ಉಕ್ಕು ಉಳಿದಿದೆ ಎಂದು ತಿಳಿಯುವುದು.

ತೆಳು ತಂತಿಯ ಲೆಕ್ಕ

20 ಮಿಮೀ ವ್ಯಾಸದ ಗಟ್ಟಿ ಸರಳನ್ನು ಸುತ್ತಲೂ 0.05 ಮಿಮೀ ಆಳಕ್ಕೆ ತುಕ್ಕು ತಿಂದರೆ ಉಳಿಯುವ ವ್ಯಾಸ 19.9 ಮಿಮೀ. ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಹೋದದ್ದು ಶೇ 1. ಅದೇ ಆಳದ ತುಕ್ಕು 1 ಮಿಮೀ ತಂತಿಗೆ ಬಂದರೆ ಉಳಿಯುವುದು 0.9 ಮಿಮೀ, ಅಂದರೆ ಶೇ 19ರಷ್ಟು ಉಕ್ಕು ಹೋಯಿತು. 0.1 ಮಿಮೀ ತಿಂದರೆ ಶೇ 36. 20 ಮಿಮೀಯ 6×36 (ಆರು ಸ್ಟ್ರ್ಯಾಂಡ್, ಒಂದೊಂದರಲ್ಲಿ 36 ತಂತಿ) ರೋಪ್‌ನಲ್ಲಿ ಹೊರ ತಂತಿಗಳೇ ಹೆಚ್ಚುಕಡಿಮೆ 1.1 ಮಿಮೀ ದಪ್ಪ, ಒಳಗಿನವು ಇನ್ನೂ ಸಣ್ಣ. ಸಮುದ್ರದಲ್ಲಿ ಪೂರ್ತಿ ಮುಳುಗಿದ ಸಾದಾ ಉಕ್ಕು ವರ್ಷಕ್ಕೆ ಸುಮಾರು 0.1 ಮಿಮೀ ಸವೆಯುತ್ತದೆ ಎನ್ನುವುದು ವಿನ್ಯಾಸಗಾರರು ಬಳಸುವ ಸಾಮಾನ್ಯ ಅಂದಾಜು. ಅಲೆ ಬಡಿದು ಒದ್ದೆಯಾಗುತ್ತ ಒಣಗುತ್ತ ಇರುವ ಭಾಗದಲ್ಲಿ ಅದು ಇದರ ಕೆಲವು ಪಟ್ಟು. ಹಡಗಿನ ತಗಡಿಗೆ ಇದು ಸಣ್ಣ ಸವೆತ. ರಕ್ಷಣೆ ಕಳೆದುಕೊಂಡ ತಂತಿಗೆ ಇದು ಒಂದೆರಡು ವರ್ಷದ ಆಯುಸ್ಸು.

ಸತುವಿನ ಲೇಪ ಈ ಗಡಿಯಾರವನ್ನು ಸ್ವಲ್ಪ ತಡೆದು ನಿಲ್ಲಿಸುತ್ತದೆ, ಅಷ್ಟೆ. ಚದರ ಮೀಟರಿಗೆ 120 ಗ್ರಾಂ ಸತು ಇದ್ದರೆ ಲೇಪದ ದಪ್ಪ ಸುಮಾರು 17 ಮೈಕ್ರಾನ್. ಸತುವು ಉಕ್ಕಿನ ಬದಲು ತಾನು ಕರಗುತ್ತ ಹೋಗುತ್ತದೆ. ರಾಟೆಯ ಮೇಲೆ ಉಜ್ಜಿ ಸವೆದ ಕಡೆಗಳಲ್ಲಿ ಮೊದಲು ಹೋಗುತ್ತದೆ, ಆಮೇಲೆ ಉಳಿದೆಡೆ.

ಒಳಗೆ ಸೇರಿದ ಉಪ್ಪು ಒಣಗುವುದಿಲ್ಲ

ರೋಪ್ ಬಾಗಿ ನೆಟ್ಟಗಾಗುವಾಗಲೆಲ್ಲ ತಂತಿಗಳ ನಡುವಿನ ಸಂದು ತೆರೆದು ಮುಚ್ಚುತ್ತದೆ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಾರಿನ ಕೋರ್ ಇದ್ದರೆ ಆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೀರು ಆವಿಯಾದರೂ ಉಪ್ಪು ಅಲ್ಲೇ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದರೆ ನೀರೂರುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಶೇ 33ರಲ್ಲೇ ಗಾಳಿಯಿಂದ ತೇವ ಎಳೆದುಕೊಳ್ಳಲು ಶುರು ಮಾಡುತ್ತದೆ. ಹಾಗಾಗಿ ಕೈಗೆ ಒಣಗಿದಂತೆ ತೋರುವ ರೋಪ್‌ನ ಒಳಗೆ ತೆಳುವಾದ ಉಪ್ಪುನೀರಿನ ಪದರ ಹೆಚ್ಚುಕಡಿಮೆ ಸದಾ ಇರುತ್ತದೆ. ಕಡಲಿಗೆ ಇಳಿಸದೆ ಡೆಕ್ ಮೇಲೆಯೇ ಇಟ್ಟ ರೋಪ್ ಕೂಡ ಒಳಗಿಂದ ಹಾಳಾಗುವುದು ಇದಕ್ಕೇ.

ಇಕ್ಕಟ್ಟಾದ ಸಂದಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ, ಹೊರಮೈಗೆ ಧಾರಾಳವಾಗಿ ಸಿಗುತ್ತದೆ. ಈ ವ್ಯತ್ಯಾಸದಿಂದ ಸಂದಿನೊಳಗಿನ ಉಕ್ಕು ಆನೋಡ್ ಆಗಿ ಕರಗುತ್ತದೆ. ಕರಗಿದ ಕಬ್ಬಿಣ ಕ್ಲೋರೈಡ್ ಜತೆ ಸೇರಿ ಅಲ್ಲಿನ ನೀರನ್ನು ಆಮ್ಲೀಯ ಮಾಡುತ್ತದೆ, ತುಕ್ಕಿನ ವೇಗ ಇನ್ನೂ ಏರುತ್ತದೆ. ಈ ತುಕ್ಕು ಸಮವಾಗಿ ಹರಡದೆ ಗುಳಿ ತೋಡುತ್ತದೆ. ತಂತಿಗೆ ಬೀಳುವ ಒತ್ತಡವೆಲ್ಲ ಗುಳಿಯ ತಳದಲ್ಲಿ ಒಟ್ಟಾಗುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ಒಣ ಗಾಳಿಯಲ್ಲಿ ಉಕ್ಕಿಗೆ ಒಂದು ಮಿತಿಯ ಕೆಳಗಿನ ಒತ್ತಡವನ್ನು ಎಷ್ಟು ಸಲ ಕೊಟ್ಟರೂ ತಡೆದುಕೊಳ್ಳುವ ಗುಣವಿದೆ. ಉಪ್ಪುನೀರಿನಲ್ಲಿ ಆ ಮಿತಿಯೇ ಇಲ್ಲ. ಹೊರೆ ಕಡಿಮೆ ಇದ್ದರೆ ಕಡಿಯುವುದು ತಡವಾಗುತ್ತದೆ, ತಪ್ಪುವುದಿಲ್ಲ.

ಲಕ್ಷಣ ನೋಡಿ ಏನೆಂದುಕೊಳ್ಳಬೇಕು

ಬಿಳಿ ಪುಡಿ ಕಂಡರೆ ಸತು ಕರಗುತ್ತಿದೆ ಎಂದರ್ಥ. ಉಕ್ಕಿಗೆ ಇನ್ನೂ ಪೆಟ್ಟು ಬಿದ್ದಿಲ್ಲ. ತೊಳೆದು, ಒಣಗಿಸಿ, ಎಣ್ಣೆ ಕೊಡುವ ಅಂತರವನ್ನು ಕಡಿಮೆ ಮಾಡಿದರೆ ಸಾಕು.

ಕಿತ್ತಳೆ ಬಣ್ಣದ ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಹೋಗಿ, ಅಡಿಯಲ್ಲಿ ತಂತಿ ನುಣುಪಾಗಿದ್ದರೆ ಅದು ಮೇಲುತುಕ್ಕು. ಪಕ್ಕದ ಕಬ್ಬಿಣದ ಸಾಮಾನಿನ ತುಕ್ಕು ರೋಪ್ ಮೇಲೆ ಸುರಿದು ಅಂಟಿಕೊಂಡಿರುವುದೂ ಉಂಟು. ಒರೆಸಿ ನೋಡದೆ ತೀರ್ಮಾನ ಬೇಡ. ಒರೆಸಿದ ಮೇಲೂ ಉಗುರು ಎಳೆದರೆ ತರಿತರಿಯಾಗಿ ಸಿಕ್ಕಿಕೊಳ್ಳುತ್ತಿದ್ದರೆ ಗುಳಿಗಳು ಶುರುವಾಗಿವೆ.

ಸ್ಟ್ರ್ಯಾಂಡ್‌ಗಳ ನಡುವಿನ ಸಂದಿನಿಂದ ಒಣ ಕೆಂಗಂದು ಪುಡಿ ಉದುರುತ್ತಿದ್ದರೆ ಒಳಗೆ ಎಣ್ಣೆ ಮುಗಿದಿದೆ, ತಂತಿ ತಂತಿಯನ್ನು ಉಜ್ಜಿ ಪುಡಿ ಮಾಡುತ್ತಿದೆ, ಆ ಪುಡಿ ತುಕ್ಕಾಗುತ್ತಿದೆ. ರೋಪ್ ಬಾಗಿಸಿದಾಗ ಸಂದಿನಿಂದ ಕಂದು ನೀರು ಒಸರಿದರೆ ಒಳಗೆ ಉಪ್ಪುನೀರೇ ನಿಂತಿದೆ. ಈ ಎರಡರಲ್ಲಿ ಯಾವುದು ಕಂಡರೂ ಹೊರಗಿನ ತಪಾಸಣೆಗೆ ನಿಲ್ಲಿಸಬೇಡಿ. ರೋಪ್ ಬಿಚ್ಚಿ ನೋಡಲೇಬೇಕು, ಇಲ್ಲವೇ ಕೆಲಸದಿಂದ ತೆಗೆಯಬೇಕು.

ಕಪ್ಪು ಮೆತ್ತನೆಯ ಪದಾರ್ಥ ಬಂದರೆ ಅದು ಹಳೆ ಗ್ರೀಸ್ ಎಂದು ಬಿಟ್ಟುಬಿಡುವುದು ಸಾಮಾನ್ಯ. ಬೆರಳಲ್ಲಿ ತಿಕ್ಕಿ ನೋಡಿ. ಗ್ರೀಸ್ ಜಾರುತ್ತದೆ, ತುಕ್ಕು ಮರಳಿನಂತೆ ಚುಚ್ಚುತ್ತದೆ. ಆಮ್ಲಜನಕ ಸಿಗದ ಕಡೆ ಬರುವ ತುಕ್ಕು ಕೆಂಪಲ್ಲ, ಕಪ್ಪು. ಕೆಸರಿನಲ್ಲಿ ಹೂತಿದ್ದ ರೋಪ್‌ನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೇಟ್ ತಿಂದು ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾ ಕೂಡ ಕೆಲಸ ಮಾಡುತ್ತಿವೆ.

ರೋಪ್ ಬಿಗಿಯಾಗಿ ಬಾಗಲು ಒಲ್ಲದಿದ್ದರೆ, ಬಾಗಿಸಿದಾಗ ಒಳಗೆ ಕರಕರ ಎಂದರೆ, ರಾಟೆಯ ತೋಡಿನಲ್ಲಿ ಸರಿಯಾಗಿ ಕೂರದೆ ಎದ್ದು ನಿಂತರೆ, ಬಣ್ಣ ಹೇಗೇ ಇರಲಿ, ಒಳಗೆ ತುಕ್ಕು ತುಂಬಿಕೊಂಡಿದೆ ಎಂದೇ ಹಿಡಿಯಿರಿ.

ಯಾವ ಜಾಗಗಳನ್ನು ಬಿಡಬಾರದು

ರೋಪ್ ಉದ್ದಕ್ಕೂ ಒಂದೇ ಸಮ ಹಾಳಾಗುವುದಿಲ್ಲ. ನೀರಿನ ಮಟ್ಟದಲ್ಲಿ ಅಲೆ ಬಡಿಯುವ ತುಂಡು, ಕೆಲಸವಿಲ್ಲದಾಗ ರಾಟೆಯ ಮೇಲೆಯೇ ನಿಂತಿರುವ ತುಂಡು, ಎರಡು ಬದಿಯ ಎಳೆತ ಸಮ ಮಾಡುವ, ಅಲುಗದ ಈಕ್ವಲೈಸರ್ ರಾಟೆಯ ಅಡಿ, ಡ್ರಮ್‌ನ ತಳದ ಸುತ್ತುಗಳು, ಥಿಂಬಲ್‌ನ (ರೋಪ್ ಕುಣಿಕೆಯೊಳಗೆ ಕೂರಿಸುವ ಲೋಹದ ಬಳೆ) ಒಳಮೈ, ರೋಪ್ ತುದಿಯನ್ನು ಹಿಡಿದಿಡುವ ಸಾಕೆಟ್ ಬಾಯಿ, ಕುಣಿಕೆಯನ್ನು ಒತ್ತಿ ಬಿಗಿದ ಲೋಹದ ತೋಳು ಅಂದರೆ ಫೆರೂಲ್ ಮುಗಿಯುವ ಅಂಚು. ಡ್ರಮ್‌ನ ತಳಸುತ್ತು ಬಿಚ್ಚುವುದು ಬೇಸರದ ಕೆಲಸ, ಆದ್ದರಿಂದ ತಪಾಸಣೆ ಪಟ್ಟಿಯಲ್ಲಿ ಅದಕ್ಕೆ ಟಿಕ್ ಮಾತ್ರ ಬೀಳುವುದು ಹೆಚ್ಚು. ಮೇಲಿನ ಸುತ್ತುಗಳಿಂದ ಸೋರಿದ ಉಪ್ಪುನೀರು ಸೇರುವುದು ಅಲ್ಲಿಗೇ.

ಕೊಕ್ಕೆ, ಸಾಕೆಟ್‌ಗಳ ಹತ್ತಿರ ರೋಪ್‌ಗೆ ಸುತ್ತಿದ ಟೇಪ್, ರಬ್ಬರ್ ಪೈಪ್, ಪ್ಲಾಸ್ಟಿಕ್ ತೋಳು ಏನಿದ್ದರೂ ತೆಗೆದು ನೋಡಿ. ಉಜ್ಜಾಟ ತಡೆಯಲು ಹಾಕಿದ ಆ ಕವಚ ನೀರು ಹಿಡಿದಿಡುವ ಚೀಲವಾಗಿರುತ್ತದೆ.

ತಪಾಸಣೆ, ಕ್ರಮವಾಗಿ

ಹೊರೆ ಪೂರ್ತಿ ಇಳಿಸಿ, ವಿಂಚ್‌ನ ವಿದ್ಯುತ್ ಅಥವಾ ಹೈಡ್ರಾಲಿಕ್ ಸಂಪರ್ಕ ಕಡಿದು ಲಾಕ್ ಹಾಕಿ. ದಪ್ಪ ಚರ್ಮದ ಕೈಗವಸು, ಕನ್ನಡಕ ಕಡ್ಡಾಯ. ಓಡುವ ರೋಪ್‌ಗೆ ಕೈ ಹಚ್ಚಿ ತುಂಡು ತಂತಿ ಹುಡುಕುವುದು ಬೇಡ. ನಿಂತ ರೋಪ್ ಮೇಲೆ ಬಟ್ಟೆ ಎಳೆಯಿರಿ, ಮುರಿದ ತಂತಿಯಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ.

ಹಳೆಯ ಗ್ರೀಸ್ ಇದ್ದ ಹಾಗೆ ಇಟ್ಟುಕೊಂಡು ಯಾವ ಅಳತೆಯೂ ಬೇಡ. ಗಟ್ಟಿ ಬ್ರಷ್‌ನಿಂದ ಒಂದೊಂದು ಮೀಟರ್ ಉದ್ದ ಸ್ವಚ್ಛ ಮಾಡಿ. ಸಂದಿನಲ್ಲಿ ಉಪ್ಪು ಇದೆಯೇ ಎಂದು ತಿಳಿಯಬೇಕಿದ್ದರೆ ಡಿಸ್ಟಿಲ್ಡ್ ನೀರಲ್ಲಿ ಅದ್ದಿದ ಹತ್ತಿಯಿಂದ ಸಂದನ್ನು ಒರೆಸಿ, ಹತ್ತಿಯನ್ನು ಹಿಂಡಿದ ನೀರಿಗೆ ಕ್ಲೋರೈಡ್ ಪಟ್ಟಿ ಹಾಕಿ. ಪಟ್ಟಿ ಇಲ್ಲದಿದ್ದರೆ ಸಿಲ್ವರ್ ನೈಟ್ರೇಟ್ ದ್ರಾವಣದ ಎರಡು ಹನಿ. ಹಾಲಿನಂತೆ ಬೆಳ್ಳಗಾದರೆ ಕ್ಲೋರೈಡ್ ಇದೆ. ಕೈಗವಸು ಹಾಕಿಕೊಳ್ಳಿ, ಬೆವರಿನ ಉಪ್ಪೂ ಬೆಳ್ಳಗಾಗಿಸುತ್ತದೆ.

ವ್ಯಾಸ ಅಳೆಯುವ ಕ್ಯಾಲಿಪರ್‌ನ ದವಡೆ ಕನಿಷ್ಠ ಎರಡು ಸ್ಟ್ರ್ಯಾಂಡ್‌ಗಳ ಮೇಲೆ ಕೂರುವಷ್ಟು ಅಗಲವಿರಬೇಕು. ಅಳತೆ ಉಬ್ಬಿನಿಂದ ಎದುರಿನ ಉಬ್ಬಿಗೆ, ಸಂದಿನಿಂದ ಸಂದಿಗಲ್ಲ. ಒಂದೇ ಜಾಗದಲ್ಲಿ ಪರಸ್ಪರ ಲಂಬವಾಗಿ ಎರಡು ಸಲ ಅಳೆದು ಸರಾಸರಿ ಬರೆದುಕೊಳ್ಳಿ. ಹೋಲಿಸಬೇಕಾದ್ದು ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಸಕ್ಕಲ್ಲ, ಹೊಸದಾಗಿ ಹಾಕಿದಾಗ ಅಳೆದ ವ್ಯಾಸಕ್ಕೆ. ಆ ದಾಖಲೆ ಇಲ್ಲದಿದ್ದರೆ ರಾಟೆಗೆ ಹೋಗದ, ಬಾಗದ, ತುಕ್ಕಿಲ್ಲದ ಯಾವುದಾದರೂ ತುಂಡಿನ ಅಳತೆಯನ್ನೇ ಆಧಾರ ಮಾಡಿಕೊಳ್ಳಿ.

ವ್ಯಾಸ ಸುಳ್ಳು ಹೇಳುವುದು ಇಲ್ಲಿಯೇ. ಉಕ್ಕು ತುಕ್ಕಾದಾಗ ಅದರ ಗಾತ್ರ ಕನಿಷ್ಠ ಎರಡು ಪಟ್ಟಾಗುತ್ತದೆ. ಒಳಗೆ ಉಕ್ಕು ಕಡಿಮೆಯಾದಷ್ಟೂ ತುಕ್ಕು ಉಬ್ಬಿ ಹೊರ ಸ್ಟ್ರ್ಯಾಂಡ್‌ಗಳನ್ನು ಎತ್ತಿ ಹಿಡಿಯುತ್ತದೆ. ಅಳತೆ ಬದಲಾಗಿಲ್ಲ ಎಂದರೆ ರೋಪ್ ಚೆನ್ನಾಗಿದೆ ಎಂದೂ ಆಗಬಹುದು, ಸವೆತ ಮತ್ತು ಉಬ್ಬು ಸಮಸಮ ಆಗಿವೆ ಎಂದೂ ಆಗಬಹುದು. ಒಂದೆಡೆ ಮಾತ್ರ ವ್ಯಾಸ ಹೆಚ್ಚಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ.

ಆದ್ದರಿಂದ ವ್ಯಾಸದ ಜತೆ ಹೊಸೆತದ ಉದ್ದವನ್ನೂ, ಅಂದರೆ ಒಂದು ಸ್ಟ್ರ್ಯಾಂಡ್ ರೋಪ್ ಸುತ್ತ ಪೂರ್ತಿ ಒಂದು ಸುತ್ತು ಬರುವ ದೂರವನ್ನೂ ಅಳೆಯಬೇಕು. ರೋಪ್ ಮೇಲೆ ಉದ್ದನೆಯ ಕಾಗದದ ಪಟ್ಟಿ ಒತ್ತಿ ಹಿಡಿದು ಪೆನ್ಸಿಲ್ ಅಥವಾ ಮೇಣದ ಬಳಪವನ್ನು ಉದ್ದಕ್ಕೆ ಉಜ್ಜಿ. ಉಬ್ಬುಗಳ ಗುರುತು ಸಾಲಾಗಿ ಮೂಡುತ್ತದೆ. ಆರು ಸ್ಟ್ರ್ಯಾಂಡಿನ ರೋಪ್‌ನಲ್ಲಿ 30 ಉಬ್ಬು ಎಣಿಸಿದರೆ ಐದು ಹೊಸೆತ. ಒಂದು ಹೊಸೆತದ ಉದ್ದ ವ್ಯಾಸದ ಆರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ತುಂಡಿನಲ್ಲೂ ಅನುಮಾನದ ತುಂಡಿನಲ್ಲೂ ಐದೈದು ಹೊಸೆತ ಅಳೆದು ಪಕ್ಕಪಕ್ಕ ಇಡಿ. ಉದ್ದ ಹೆಚ್ಚಾಗಿ ವ್ಯಾಸ ಕಡಿಮೆಯಾಗಿದ್ದರೆ ಕೋರ್ ಕೊಳೆತಿದೆ ಅಥವಾ ಕುಸಿದಿದೆ. ಕಾಗದದ ಪಟ್ಟಿಯ ಮೇಲೆ ದಿನಾಂಕ ಬರೆದು ಕಡತದಲ್ಲಿಡಿ, ಮುಂದಿನ ಸಲಕ್ಕೆ ಅದೇ ಸಾಕ್ಷಿ.

ರೋಪ್ ಬಿಚ್ಚಿ ನೋಡುವುದು

ಹೆಚ್ಚಿನವರು ತಪ್ಪಿಸಿಕೊಳ್ಳುವ ಹಂತ ಇದು, ಹೆಚ್ಚು ಹೇಳುವ ಹಂತವೂ ಇದೇ. ಆರು ಅಥವಾ ಎಂಟು ಸ್ಟ್ರ್ಯಾಂಡಿನ ಸಾಮಾನ್ಯ ರೋಪ್‌ಗಳಿಗೆ ಮಾತ್ರ ಈ ಕ್ರಮ. ತಿರುಗದಂತೆ ಹೊಸೆದ, ಪದರ ಪದರದ ರೊಟೇಷನ್ ರೆಸಿಸ್ಟೆಂಟ್ ರೋಪ್‌ಗೆ ಬೇಡ, ಅದರ ಪದರಗಳು ಜಾಗ ತಪ್ಪುತ್ತವೆ.

ರೋಪ್ ಪೂರ್ತಿ ಸಡಿಲವಾಗಿರಬೇಕು. ಎಳೆತ ಸ್ವಲ್ಪ ಉಳಿದಿದ್ದರೂ ಕ್ಲಾಂಪ್ ಕೈಯಿಂದ ತಿರುಗಿ ಹೊಡೆಯುತ್ತದೆ. ರೋಪ್ ಗಾತ್ರಕ್ಕೆ ಸರಿಹೊಂದುವ ಎರಡು ಕ್ಲಾಂಪ್‌ಗಳನ್ನು ಸ್ವಲ್ಪ ಅಂತರದಲ್ಲಿ, ಜಾರದಷ್ಟು ಬಿಗಿಯಾಗಿ, ಆದರೆ ತಂತಿ ಜಜ್ಜದಂತೆ ಕೂರಿಸಿ. ಹಿಡಿಗಳನ್ನು ಹೊಸೆತದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿದರೆ ಹೊರ ಸ್ಟ್ರ್ಯಾಂಡ್‌ಗಳು ಕೋರ್‌ನಿಂದ ದೂರ ಸರಿಯುತ್ತವೆ. ಕೋರ್ ಕಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ. ಇನ್ನಷ್ಟು ತೆರೆದರೆ ಸ್ಟ್ರ್ಯಾಂಡ್ ಮತ್ತೆ ತನ್ನ ಜಾಗಕ್ಕೆ ಕೂರುವುದಿಲ್ಲ.

ಮೊಂಡು ಮೊನೆಯ ಕಡ್ಡಿಯಿಂದ ಗ್ರೀಸ್ ಸರಿಸಿ ಟಾರ್ಚ್ ಬಿಡಿ. ಎಣ್ಣೆ ಇನ್ನೂ ಇದೆಯೇ, ತಂತಿ ನುಣುಪಾಗಿದೆಯೇ ಗುಳಿಬಿದ್ದಿದೆಯೇ, ತಂತಿಯ ಮೇಲೆ ಪಕ್ಕದ ತಂತಿ ಒತ್ತಿದ ಹಳ್ಳ ಎಷ್ಟು ಆಳ, ಒಳಗೆ ತುಂಡಾದ ತಂತಿ ಇದೆಯೇ, ನಾರಿನ ಕೋರ್ ಆದರೆ ಉಗುರಲ್ಲಿ ಹಿಸುಕಿದರೆ ಪುಡಿಯಾಗುತ್ತದೆಯೇ ಎಂದು ನೋಡಿ. ಫೋಟೊ ತೆಗೆಯಿರಿ. ಮುಚ್ಚುವ ಮುನ್ನ ತೆರೆದ ಭಾಗಕ್ಕೆ ಎಣ್ಣೆ ಕೊಟ್ಟು, ಕ್ಲಾಂಪ್‌ಗಳನ್ನು ಹೊಸೆತದ ದಿಕ್ಕಿಗೆ ತಿರುಗಿಸಿ, ಪ್ರತಿ ಸ್ಟ್ರ್ಯಾಂಡ್ ಕೋರ್ ಮೇಲೆ ಸರಿಯಾಗಿ ಕೂತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಒಂದೇ ಕಡೆ ಬಿಚ್ಚಿದರೆ ಸಾಲದು, ಮೇಲೆ ಹೇಳಿದ ಕೆಟ್ಟ ಜಾಗಗಳಲ್ಲಿ ಕನಿಷ್ಠ ಮೂರರಲ್ಲಾದರೂ ಬಿಚ್ಚಿ.

ಬಿಚ್ಚಲಾಗದ ರೋಪ್‌ಗೆ ಕಾಂತೀಯ ಪರೀಕ್ಷೆ ಇದೆ. ರೋಪ್ ಅನ್ನು ಕಾಂತಗೊಳಿಸುತ್ತ ಹಾದುಹೋಗುವ ಸೆನ್ಸರ್ ಎರಡು ಸಂಕೇತ ಕೊಡುತ್ತದೆ: ಒಟ್ಟು ಲೋಹ ಎಷ್ಟು ಕಡಿಮೆಯಾಗಿದೆ, ತುಂಡು ತಂತಿ ಅಥವಾ ಗುಳಿಯಂಥ ದೋಷ ಎಲ್ಲಿದೆ. ಒಳಗಿನ ತುಕ್ಕಿಗೆ ಇದು ಬಹಳ ಉಪಯುಕ್ತ, ಆದರೆ ರೋಪ್ ಹೊಸದಿದ್ದಾಗ ತೆಗೆದ ಗ್ರಾಫ್ ಇದ್ದರೆ ಮಾತ್ರ ಹೋಲಿಕೆ ನಂಬುವಂತಾಗುತ್ತದೆ. ಸಾಕೆಟ್‌ನ ತೀರಾ ಹತ್ತಿರಕ್ಕೆ ಸೆನ್ಸರ್ ಹೋಗುವುದಿಲ್ಲ. ಅಲ್ಲಿ ಕಣ್ಣೇ ಗತಿ.

ತೆಗೆದುಹಾಕುವ ತೀರ್ಮಾನ

ಕ್ರೇನ್ ರೋಪ್‌ಗಳಿಗೆ ಐಎಸ್‌ಒ 4309 ಮಾನದಂಡ ಬಳಕೆಯಲ್ಲಿದೆ. ಬೇರೆ ಕೆಲಸದ ರೋಪ್‌ಗಳಿಗೂ ಅದರ ತರ್ಕ ಹೊಂದುತ್ತದೆ. ತಂತಿಯ ಮೈ ಕೈಗೆ ತರಿತರಿ ಎನಿಸಿದರೆ ಹಾನಿ ಶೇ 60 ಎಂದೂ, ಗುಳಿ ತುಂಬಿ ತಂತಿಗಳು ಸಡಿಲಗೊಂಡಿದ್ದರೆ ಶೇ 100 ಎಂದೂ ಅದು ಎಣಿಸುತ್ತದೆ. ಶೇ 100 ಎಂದರೆ ತೆಗೆಯಲೇಬೇಕು. ವ್ಯಾಸ ಸಮವಾಗಿ ಕುಗ್ಗಿದ್ದರೆ ನಾರಿನ ಕೋರ್ ಇರುವ ರೋಪ್‌ಗೆ ಶೇ 10, ಉಕ್ಕಿನ ಕೋರ್ ಇರುವುದಕ್ಕೆ ಶೇ 7.5, ರೊಟೇಷನ್ ರೆಸಿಸ್ಟೆಂಟ್ ರೋಪ್‌ಗೆ ಶೇ 5 ಕೊನೆಯ ಮಿತಿ. ಸಾಕೆಟ್ ಅಥವಾ ಫೆರೂಲ್ ಬಳಿ ಎರಡು ತಂತಿ ತುಂಡಾಗಿದ್ದರೆ, ಇಲ್ಲವೇ ಸಂದಿನಲ್ಲಿ ಒಂದೇ ಹೊಸೆತದುದ್ದದೊಳಗೆ ಎರಡು ತುಂಡು ಕಂಡರೆ ಅದೂ ಮಿತಿ ಮೀರಿದಂತೆ.

ಬೇರೆ ಬೇರೆ ಹಾನಿಗಳು ಒಂದೇ ಜಾಗದಲ್ಲಿದ್ದರೆ ಕೂಡಿಸಬೇಕು. 20 ಮಿಮೀಯ ಉಕ್ಕಿನ ಕೋರ್ ರೋಪ್ ಹೊಸದಿದ್ದಾಗ 20.4 ಮಿಮೀ ಇತ್ತು, ಈಗ 19.4 ಮಿಮೀ ಇದೆ ಎನ್ನಿ. ಕುಗ್ಗಿದ 1 ಮಿಮೀಯನ್ನು 20ರಿಂದ ಭಾಗಿಸಿದರೆ ಶೇ 5. ಮಾನದಂಡದ ಕೋಷ್ಟಕದಲ್ಲಿ ಇದು ಶೇ 40 ಹಾನಿ. ಬರೀ ಅಷ್ಟೇ ಆಗಿದ್ದರೆ ಕಣ್ಣಿಟ್ಟುಕೊಂಡು ಓಡಿಸಬಹುದಿತ್ತು. ಅದೇ ಜಾಗದಲ್ಲಿ ತಂತಿ ತರಿತರಿಯಾಗಿದ್ದರೆ ಇನ್ನೊಂದು 60 ಸೇರಿ 100 ಆಯಿತು. ಎರಡು ಸಾಲುಗಳನ್ನೂ ಬೇರೆ ಬೇರೆ ಓದಿ ಎರಡಕ್ಕೂ "ಮಿತಿಯೊಳಗಿದೆ" ಎಂದು ಬರೆದುಬಿಡುವುದು ತಪಾಸಣೆ ವರದಿಗಳಲ್ಲಿ ಕಾಣುವ ದೊಡ್ಡ ತಪ್ಪು.

ಲೈಫ್‌ಬೋಟ್ ಇಳಿಸುವ ರೋಪ್‌ಗೆ ಈ ಲೆಕ್ಕದ ಮೇಲೆ ಇನ್ನೊಂದು ಗಡುವಿದೆ. ಕಡಲಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೊಲಾಸ್ ನಿಯಮದಂತೆ ಹಾಳಾದ ಕೂಡಲೇ, ಹಾಳಾಗದಿದ್ದರೂ ಐದು ವರ್ಷ ಮೀರದಂತೆ ಬದಲಿಸಬೇಕು.

ಅನುಮಾನ ಹೊರಗಿನ ತುದಿಯಲ್ಲಿ ಮಾತ್ರ ಇದ್ದು ಉದ್ದ ಮಿಕ್ಕಿದ್ದರೆ ಹಾಳಾದ ತುಂಡು ಕತ್ತರಿಸಿ ಹೊಸ ಸಾಕೆಟ್ ಹಾಕಬಹುದು. ಕತ್ತರಿಸುವ ಗುರುತಿನ ಎರಡೂ ಬದಿ ತಂತಿ ಸುತ್ತಿ ಬಿಗಿದಿರಬೇಕು, ಇಲ್ಲದಿದ್ದರೆ ಹೊಸೆತ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ತುಂಡನ್ನು ಪರೀಕ್ಷೆಗೆ ಕಳುಹಿಸಿದರೆ ಒಂಟಿ ತಂತಿಗಳ ತಿರುಚು ಪರೀಕ್ಷೆಯನ್ನೂ ಕೇಳಿ. ಗುಳಿಬಿದ್ದ ತಂತಿ ಎಳೆತದ ಪರೀಕ್ಷೆಯಲ್ಲಿ ಇನ್ನೂ ಪಾಸಾಗುತ್ತಿರುವಾಗಲೇ ತಿರುಚಿದರೆ ಕೆಲವೇ ಸುತ್ತಿಗೆ ಮುರಿಯುತ್ತದೆ.

ಉಳಿಸಿಕೊಳ್ಳಬಹುದಾದ ರೋಪ್‌ಗೆ ಮಾಡಬೇಕಾದ್ದು

ಮೊದಲು ಸಿಹಿನೀರು, ಕಡಿಮೆ ಒತ್ತಡದಲ್ಲಿ, ಧಾರಾಳವಾಗಿ. ಪ್ರೆಶರ್ ವಾಷರ್ ಸಂದಿನ ಎಣ್ಣೆಯನ್ನು ಕಿತ್ತು ಉಪ್ಪನ್ನು ಇನ್ನೂ ಒಳಗೆ ತಳ್ಳುತ್ತದೆ. ಆಮೇಲೆ ಒಣ ಗಾಳಿ ಊದಿ ಒಣಗಿಸಿ, ಒಳಗಿಳಿಯುವ ತೆಳು ರೋಪ್ ಎಣ್ಣೆ ಕೊಟ್ಟು, ಮೇಲೆ ದಪ್ಪ ಲೇಪ. ಈ ಕ್ರಮ ತಲೆಕೆಳಗಾದರೆ, ಅಂದರೆ ಒದ್ದೆ ರೋಪ್ ಮೇಲೆ ದಪ್ಪ ಗ್ರೀಸ್ ಮೆತ್ತಿದರೆ, ಉಪ್ಪುನೀರನ್ನು ಒಳಗೇ ಸೀಲ್ ಮಾಡಿದಂತೆ. ಏನೂ ಹಚ್ಚದ ರೋಪ್‌ಗಿಂತ ಅದು ಕೆಟ್ಟದ್ದು, ಏಕೆಂದರೆ ಮುಂದಿನ ತಪಾಸಣೆಗೆ ತುಕ್ಕೂ ಕಾಣುವುದಿಲ್ಲ. ಉದ್ದದ ರೋಪ್‌ಗೆ ಸುತ್ತ ಕಾಲರ್ ಕೂರಿಸಿ ಒತ್ತಡದಲ್ಲಿ ಎಣ್ಣೆ ಹಾಯಿಸುವ ಲೂಬ್ರಿಕೇಟರ್ ಬ್ರಷ್‌ಗಿಂತ ಎಷ್ಟೋ ಮೇಲು. ಸೀಮೆಎಣ್ಣೆ, ಡೀಸೆಲ್‌ನಲ್ಲಿ ನೆನೆಸುವುದು ಬೇಡ, ಕೋರ್‌ನಲ್ಲಿರುವ ಮೂಲ ಗ್ರೀಸ್ ಕರಗಿ ಹೋಗುತ್ತದೆ. ಇಂಜಿನ್‌ನಿಂದ ಇಳಿಸಿದ ಹಳೆ ಎಣ್ಣೆಯಲ್ಲಿ ಆಮ್ಲ ಮತ್ತು ಲೋಹದ ಚೂರು ಇರುತ್ತವೆ, ಅದೂ ಬೇಡ.

ಹೊಸ ರೋಪ್ ಆರಿಸುವಾಗ

ದೀರ್ಘ ಕಾಲ ಮುಳುಗಿರುವ ಕೆಲಸಕ್ಕೆ ದಪ್ಪ ಸತುಲೇಪದ ತಂತಿ, ಉಕ್ಕಿನ ಕೋರ್, ತಯಾರಿಕೆಯಲ್ಲೇ ತುಂಬಿದ ಗ್ರೀಸ್ ಇರುವುದನ್ನು ಕೇಳಿ. ಅಲ್ಯೂಮಿನಿಯಂ ಫೆರೂಲ್ ಸಮುದ್ರದ ನೀರಿನಲ್ಲಿ ಉಕ್ಕಿನ ಜತೆ ಬ್ಯಾಟರಿ ಕಟ್ಟಿದಂತೆ ತಾನೇ ಕರಗುತ್ತದೆ, ಮುಳುಗುವ ತುದಿಗೆ ಅದು ಸಲ್ಲ. 316 ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ನಿಂತ ನೀರಿನಲ್ಲಿ ಅದರ ಸಂದುಗಳಿಗೂ ಆಮ್ಲಜನಕ ಸಿಗದೆ ಮೇಲೆ ಬೆಳ್ಳಗೆ ಹೊಳೆಯುತ್ತಲೇ ಒಳಗೆ ಗುಳಿ ಬೀಳುತ್ತದೆ. ಪ್ಲಾಸ್ಟಿಕ್ ಹೊದಿಕೆಯ ರೋಪ್‌ನಲ್ಲಿ ಹೊದಿಕೆ ಒಂದು ಕಡೆ ಸೀಳಿದರೂ ನೀರು ಒಳಗೇ ಉದ್ದಕ್ಕೆ ಹರಿಯುತ್ತದೆ, ಹಾನಿ ಸೀಳಿನಿಂದ ದೂರದಲ್ಲೂ ಇರಬಹುದು.

ಹಳೆ ರೋಪ್ ಗುಜರಿಗೆ ಹೋಗುವ ಮುನ್ನ ಅಲೆ ಬಡಿಯುತ್ತಿದ್ದ ಜಾಗ, ಡ್ರಮ್ ತಳ, ಸಾಕೆಟ್ ಬಾಯಿ, ಈ ಮೂರು ಕಡೆಯಿಂದ ಒಂದೊಂದು ಮೊಳ ಕತ್ತರಿಸಿ ಪೂರ್ತಿ ಬಿಡಿಸಿ. ಕೊನೆಯ ತಪಾಸಣೆಯಲ್ಲಿ ಬರೆದದ್ದಕ್ಕೂ ಒಳಗಿರುವುದಕ್ಕೂ ಎಷ್ಟು ಅಂತರವಿದೆ ಎಂದು ನೋಡಿ, ಬರೆದದ್ದಕ್ಕಿಂತ ಕೆಟ್ಟಿದ್ದರೆ ಹೊಸ ರೋಪ್‌ನ ತಪಾಸಣೆ ಅವಧಿಯನ್ನು ಅರ್ಧಕ್ಕೆ ಇಳಿಸಿ. ಹೊಸದನ್ನು ಹಾಕಿ ಹಗುರ ಹೊರೆಯಲ್ಲಿ ಕೆಲವು ಸಲ ಓಡಿಸಿದ ಮೇಲೆ ಮೂರು ಜಾಗದಲ್ಲಿ ವ್ಯಾಸ, ಐದು ಹೊಸೆತದ ಉದ್ದ ಅಳೆದು, ತಯಾರಕರ ಪ್ರಮಾಣಪತ್ರದ ಹಿಂಬದಿಯಲ್ಲೇ ದಿನಾಂಕದೊಂದಿಗೆ ಬರೆದಿಡಿ.